ಕನ್ನಡಕ ತೆಗೆದಿಟ್ಟ ದಿನ

ಗಂಟಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಜೊತೆಗೆ ಕೆಲಸ ಮಾಡುವ ಹೆಂಗಸರು ಇಟ್ಟಿದ್ದು. ದೊಡ್ಡ ಆಸ್ಪತ್ರೆಯ ಹಿಂಬದಿಯಲ್ಲಿ, ಬಾಯ್ಲರ್ ಕೋಣೆಗೆ ಬೆನ್ನು ಕೊಟ್ಟು ನಿಂತ ಉದ್ದನೆಯ ಕಟ್ಟಡವೊಂದಿದೆ. ಎಲ್ಲರೂ ಅದನ್ನು ಬಟ್ಟೆಮನೆ ಎನ್ನುತ್ತಾರೆ. ವಾರ್ಡುಗಳ ಚಾದರ, ಕಂಬಳಿ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲವೂ ಗಾಲಿಬುಟ್ಟಿಗಳಲ್ಲಿ ಅಲ್ಲಿಗಿಳಿದು, ತೊಳೆಸಿಕೊಂಡು, ಒಣಗಿ, ಮಡಿಕೆಯಾಗಿ ಮತ್ತೆ ಮೇಲಕ್ಕೆ ಹೋಗುತ್ತವೆ. ಗಂಟಕ್ಕ ಅಲ್ಲಿ ಮೂವತ್ತೊಂದು ವರ್ಷದಿಂದ ಇದ್ದಾಳೆ. ಹರಿದ ಚಾದರ ಕೈಗೆ ಸಿಕ್ಕರೆ ಅದರ ಮೂಲೆಗೆ ಒಂದು ಗಂಟು ಹಾಕುತ್ತಾಳೆ. ಅದು ಹೊಲಿಗೆಯವಳ ಪಾಲು. ಕಲೆ ಬಿಡದೆ ಉಳಿದಿದ್ದರೆ ಎರಡು ಗಂಟು. ಅದು ಇನ್ನೊಮ್ಮೆ ಸೋಡಾ ನೀರು ಕಾಣಬೇಕು. ಎಷ್ಟು ಬುಟ್ಟಿ ಬಂತು, ಎಷ್ಟು ಹೋಯಿತು ಎಂಬುದಕ್ಕೆ ಸೊಂಟದಲ್ಲಿ ಸಿಕ್ಕಿಸಿಕೊಂಡ ದಾರ. ಸಂಜೆ ಆ ದಾರವನ್ನು ಬೆರಳ ಸಂದಿಯಲ್ಲಿ ಎಳೆಯುತ್ತ ಅವಳು ಹೇಳಿದ್ದಕ್ಕೂ ಪುಸ್ತಕದಲ್ಲಿ ಬರೆದಿದ್ದಕ್ಕೂ ತಾಳೆಯಾಗದಿದ್ದರೆ, ಪುಸ್ತಕವನ್ನೇ ತಿದ್ದುವುದು ಅಲ್ಲಿಯ ವಾಡಿಕೆ.

ಅವಳಿಗೆ ಓದು ಬರುವುದಿಲ್ಲ ಎಂದರೆ ಪೂರ್ತಿ ನಿಜವಲ್ಲ, ಬರುತ್ತದೆ ಎಂದರೆ ಪೂರ್ತಿ ಸುಳ್ಳು. ತನ್ನ ಹೆಸರು ಬರೆಯುತ್ತಾಳೆ. ಬಸ್ಸಿನ ಹಣೆಯ ಮೇಲಿನ ಅಕ್ಷರಗಳನ್ನು ಕೂಡಿಸುವಷ್ಟರಲ್ಲಿ ಬಸ್ಸು ಮುಂದಿನ ನಿಲ್ದಾಣ ಮುಟ್ಟಿರುತ್ತದೆ. ಆದರೆ ಅಂಕಿ ಅಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಬಟ್ಟೆಮನೆಯ ಹಳೆಯ ಯಂತ್ರಗಳಿಗೆ ತಿರುಗಿಸುವ ಗುಂಡಿ ಇತ್ತು, ಗುಂಡಿಯ ಸುತ್ತ ನೀರಿನ ಬಿಸಿಯ ಅಂಕಿಗಳಿದ್ದವು. ಕಂಬಳಿಗೆ ಮೂವತ್ತು, ಚಾದರಕ್ಕೆ ಅರವತ್ತು, ಹಸಿರು ಬಟ್ಟೆಗೆ ತೊಂಬತ್ತು. ಮೂವತ್ತು ವರ್ಷ ಆ ಮೂರು ಅಂಕಿಗಳ ಮೇಲೆ ಬಟ್ಟೆಮನೆ ನಡೆಯಿತು. ಒಂದು ಕಂಬಳಿಯೂ ಕೆಡಲಿಲ್ಲ.

ಗಂಡ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಎರಡು ಕೋಣೆಯ ಮನೆಯಲ್ಲಿ ಅವಳು, ಕಾಲು ಸ್ವಾಧೀನವಿಲ್ಲದೆ ಮನೆಯಲ್ಲೇ ಕೂತು ಕೊಡೆ ರಿಪೇರಿ ಮಾಡುವ ಮೈದುನ, ಮೈದುನನ ಹೆಂಡತಿ. ಈ ಓರಗಿತ್ತಿಯನ್ನು ಬಟ್ಟೆಮನೆಗೆ ಸೇರಿಸಿದ್ದು ಗಂಟಕ್ಕನೇ. ಹತ್ತೊಂಬತ್ತು ವರ್ಷದ ಹಿಂದೆ ಕೈಹಿಡಿದು ಕರೆದುಕೊಂಡು ಹೋಗಿ, "ಇವಳು ತಪ್ಪು ಮಾಡಿದ್ರೆ ನನ್ನ ಕೇಳಿ" ಎಂದಿದ್ದಳು. ಓರಗಿತ್ತಿ ಬಾಯಿ ಜೋರಿನವಳು, ಏಳನೇ ಕ್ಲಾಸು ಓದಿದವಳು. ಇಬ್ಬರೂ ಬೆಳಿಗ್ಗೆ ಒಂದೇ ಬಾಗಿಲು ದಾಟಿ ಹೊರಟು ಸಂಜೆ ಅದೇ ಬಾಗಿಲಿಗೆ ಬರುತ್ತಿದ್ದರು. ದಾರಿಯುದ್ದಕ್ಕೂ ಓರಗಿತ್ತಿ ಮಾತಾಡುತ್ತಿದ್ದಳು, ಗಂಟಕ್ಕ ಹೂಂಗುಟ್ಟುತ್ತಿದ್ದಳು.

ಹೋದ ವರ್ಷ ಹಳೆಯ ಯಂತ್ರಗಳನ್ನು ತೆಗೆದು ಹೊಸದನ್ನು ಹಾಕುತ್ತಾರೆ ಎಂಬ ಸುದ್ದಿ ಬಂತು. ಅದರ ಹಿಂದೆಯೇ ಒಂದು ಹುಡುಗಿ ಬಂದಳು. ಯಂತ್ರ ಮಾಡುವ ಕಂಪನಿಯವಳು. ಸಣ್ಣ ಕೈ, ದೊಡ್ಡ ಚೀಲ, ಸದಾ ನಗುಮುಖ. ಬಂದವಳು ಯಾವುದನ್ನೂ ಹೇಳಲಿಲ್ಲ, ಬರೀ ಕೇಳಿದಳು. ಬುಟ್ಟಿ ಎತ್ತುವಾಗ ಬೆನ್ನು ನೋಯುತ್ತದೆಯೇ, ಯಾವ ಕೈಯಲ್ಲಿ ಗುಂಡಿ ತಿರುಗಿಸುತ್ತೀರಿ, ಹಬೆಯಲ್ಲಿ ಬೆರಳು ಜಾರುತ್ತದೆಯೇ. ಅದಕ್ಕೇ ಅವಳಿಗೆ 'ಕೇಳೋ ಹುಡುಗಿ' ಎಂದು ಹೆಸರು ಬಿತ್ತು. ಬಟ್ಟೆಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳಿದ ದಾಖಲೆ ಇಲ್ಲ. ಹಾಗಾಗಿ ಹೆಂಗಸರಿಗೆ ಅವಳ ಮೇಲೆ ಪ್ರೀತಿ ಉಕ್ಕಿತು.

ಎರಡನೆಯ ದಿನ ಅವಳು ಒಂದು ಮೇಜಿನ ಮೇಲೆ ಗಾಜಿನ ಹಲಗೆ ಇಟ್ಟಳು. ಹೊಸ ಯಂತ್ರದ ಮುಖ ಹೀಗಿರುತ್ತದಂತೆ. ತಿರುಗಿಸುವ ಗುಂಡಿ ಇಲ್ಲ. ಗಾಜಿನೊಳಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಪ್ರತಿ ಮನೆಯಲ್ಲೂ ಒಂದು ಚಿತ್ರ, ಚಿತ್ರದ ಕೆಳಗೆ ಹೆಸರು, ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಒಂದು ಅಂಕಿ. ಹುಡುಗಿ ಒಂದೊಂದೇ ಮನೆ ಮುಟ್ಟಿ ತೋರಿಸಿದಳು. ಗಂಟಕ್ಕ ಕೊನೆಯಲ್ಲಿ ನಿಂತು ನೋಡುತ್ತಿದ್ದಳು. ಅಷ್ಟು ದೂರದಿಂದ ಅಂಕಿ ಕಾಣಲಿಲ್ಲ, ಮನೆಗಳು ಕಂಡವು. ಸೊಂಟದ ದಾರದ ಮೇಲೆ ಬೆರಳಿಟ್ಟು ಎಣಿಸಿಕೊಂಡಳು. ಚಾದರ ಮೊದಲನೇ ಸಾಲು ಮೊದಲನೇ ಮನೆ. ಹಸಿರು ಬಟ್ಟೆ ಮೂರನೇ ಸಾಲು ಮೊದಲನೇ ಮನೆ. ಅದರ ಪಕ್ಕದ್ದು ಕಂಬಳಿ. ಉಳಿದವೂ ಹೀಗೇ.

ಆಮೇಲೆ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾಡಿಸಿದರು. ಮೊದಲ ನಾಲ್ವರೂ ಮುಗ್ಗರಿಸಿದರು. ಗಾಜಿಗೆ ಮೂಗು ತಾಗುವಂತೆ ಬಗ್ಗಿ, ಆ ಇರುವೆ ಅಂಕಿಯನ್ನು ನೋಡುವುದು, ಚಿತ್ರ ನೋಡುವುದು, ಮತ್ತೆ ಅಂಕಿ ನೋಡುವುದು, ಕೊನೆಗೆ ಬೇರೆ ಮನೆ ಒತ್ತುವುದು. ಐದನೆಯವಳಾಗಿ ಗಂಟಕ್ಕ ಕೂತಳು.

"ಅಮ್ಮಾ, ನಿಮ್ಮ ಕನ್ನಡಕ ತೆಗೆದು ಇದನ್ನ ಹಾಕ್ಕೊಳ್ಳಿ" ಎಂದಳು ಹುಡುಗಿ. ಅವಳ ಕೈಯಲ್ಲಿ ದಪ್ಪ ಕಡ್ಡಿಯ ಬೇರೊಂದು ಕನ್ನಡಕವಿತ್ತು. "ನಿಮ್ಮ ಕಣ್ಣು ಗಾಜಿನ ಮೇಲೆ ಎಲ್ಲೆಲ್ಲಿ ಹೋಗುತ್ತೆ ಅಂತ ಇದು ಬರ್ಕೊಳ್ಳುತ್ತೆ."

ಗಂಟಕ್ಕನ ಕನ್ನಡಕ ಹತ್ತಿರದ್ದನ್ನು ನೋಡುವುದಕ್ಕೆಂದು ಕೊಟ್ಟದ್ದು. ಅದಿಲ್ಲದಿದ್ದರೆ ಸೂಜಿಯ ಕಣ್ಣಿರಲಿ, ಸೂಜಿಯೇ ಕಾಣುವುದಿಲ್ಲ. ಹುಡುಗಿಯ ಕನ್ನಡಕದಲ್ಲಿ ಇದ್ದದ್ದು ಬರೀ ಬೋಳು ಗಾಜು. ಹಾಕಿಕೊಂಡು ನೋಡಿದರೆ ಹಲಗೆಯ ಮೇಲೆ ಹದಿನಾರು ಮಬ್ಬು ಚೌಕ, ಹಬೆ ಹಿಡಿದ ಕಿಟಕಿಯ ಹಾಗೆ. ಅಕ್ಷರವೂ ಇಲ್ಲ, ಅಂಕಿಯೂ ಇಲ್ಲ.

"ಮನಸ್ಸಿಗೆ ಏನು ಬರುತ್ತೋ ಅದನ್ನ ಗಟ್ಟಿಯಾಗಿ ಹೇಳ್ತಾ ಹೋಗಿ ಅಮ್ಮ. ಇದು ನಿಮಗೆ ಪರೀಕ್ಷೆ ಅಲ್ಲ, ಯಂತ್ರಕ್ಕೆ ಪರೀಕ್ಷೆ. ತಪ್ಪಾದ್ರೆ ತಪ್ಪು ನಮ್ಮದು."

ಹಾಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಗಂಟಕ್ಕನ ಮನಸ್ಸಿಗೆ ಬಂದದ್ದು ಒಂದೇ ಮಾತು: 'ನನಗೆ ಏನೂ ಕಾಣ್ತಿಲ್ಲ.' ಆದರೆ ಬೆನ್ನ ಹಿಂದೆ ಮೇಲ್ವಿಚಾರಕ ಕೈಕಟ್ಟಿ ನಿಂತಿದ್ದ. ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸದೆಂದು ಕೊರಳಿಗೆ ಸದಾ ಪೀಪಿ ಕಟ್ಟಿಕೊಂಡಿರುವ ಅವನನ್ನು ಹೆಂಗಸರು ಪೀಪಿ ಸಾರ್ ಎನ್ನುತ್ತಿದ್ದರು. ಹಿಂದಿನ ವಾರ ಅವನು, ಹೊಸ ಯಂತ್ರ ಬಂದಮೇಲೆ ಕಣ್ಣು ಮಂಜಾದವರನ್ನೆಲ್ಲ ಬಟ್ಟೆ ಮಡಿಸುವ ಮಡಿಕೆ ಮೇಜಿಗೆ ಕಳಿಸುತ್ತೇನೆ ಎಂದಿದ್ದ. ಅದೂ ಹೋಗಲಿ, ಎದುರಿಗೆ ಕೂತ ಹುಡುಗಿ ನಾಲ್ಕು ಸಲ ಸೋತು ಬಾಡಿದ್ದಳು. ಬಂದವರ ಮುಖ ಸಣ್ಣಗಾಗುವ ಮಾತನ್ನು ಗಂಟಕ್ಕ ಹುಟ್ಟಿದಂದಿನಿಂದ ಆಡಿದವಳಲ್ಲ.

"ಚೆನ್ನಾಗಿದೆ ಕಣಮ್ಮ" ಎಂದಳು.

"ಕಂಬಳಿ ಹಾಕಿದೀರಿ ಅಂದ್ಕೊಳ್ಳಿ. ಯಾವುದು ಒತ್ತುತೀರಿ?"

ಬೆರಳು ಮೂರನೇ ಸಾಲಿಗೆ ಇಳಿಯಿತು, ಎರಡನೇ ಮನೆಗೆ ಸರಿಯಿತು. ಸರಿ. ಚಾದರ? ಸರಿ. ಹಸಿರು ಬಟ್ಟೆ? ಸರಿ. ಏಳು ಕೇಳಿದಳು, ಏಳೂ ಸರಿಯಾಯಿತು.

"ಸುಲಭವಾಯ್ತಾ ಅಮ್ಮ?"

"ತುಂಬಾ ಸುಲಭ."

ಹುಡುಗಿ ಎದ್ದು ಚಪ್ಪಾಳೆ ತಟ್ಟಿದಳು. ಆ ದಪ್ಪ ಕನ್ನಡಕದಲ್ಲೇ ಫೋಟೋ ತೆಗೆದಳು. ತಿಂಗಳು ಕಳೆಯುವಷ್ಟರಲ್ಲಿ ಆ ಫೋಟೋ ಆಳೆತ್ತರದ ಪೋಸ್ಟರಾಗಿ ಬಟ್ಟೆಮನೆಯ ಬಾಗಿಲಲ್ಲಿ ಬಂದು ನಿಂತಿತು.

"ಅಕ್ಕಾ, ಸಿನಿಮಾದೋಳ ಥರ ಇದೀಯ" ಎಂದಳು ಓರಗಿತ್ತಿ. "ಕೆಳಗೆ ಏನ್ ಬರ್ದಿದಾರೆ ಓದ್ಲಾ?"

"ಓದು."

"'ಓದಲು ಬಾರದವರಿಗೂ ಸುಲಭ' ಅಂತೆ. ನಿನ್ನ ಗುಟ್ಟನ್ನ ಇಷ್ಟು ದಪ್ಪಕ್ಷರದಲ್ಲಿ ಬರ್ದವ್ರೆ, ಪಾಪ, ನಿನಗೊಬ್ಬಳಿಗೇ ಓದೋಕಾಗಲ್ಲ!"

ಗಂಟಕ್ಕನೂ ನಕ್ಕಳು. ನಗುವುದು ಬಿಟ್ಟು ಬೇರೆ ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ.

ಹೊಸ ಯಂತ್ರಗಳು ಬಂದವು, ಆರು. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದಳು. ಸಾಲು ನಾಲ್ಕು, ಮನೆ ನಾಲ್ಕು. ಚಿತ್ರಗಳಿದ್ದವು. ಒಂದು ಬಾಚಣಿಗೆಯ ಹಾಗೆ, ಒಂದು ಗರಿಯ ಹಾಗೆ, ಒಂದು ಮುಚ್ಚಳ ತೆರೆದ ಪಾತ್ರೆಯ ಹಾಗೆ. ಚಿತ್ರದ ಕೆಳಗೆ ಸಣ್ಣಗೆ ಹೆಸರು. ಮೂಲೆಯ ಅಂಕಿ ಮಾತ್ರ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಮೂವತ್ತೂ ಇಲ್ಲ, ತೊಂಬತ್ತೂ ಇಲ್ಲ.

ಯಾರನ್ನು ಕೇಳುವುದು? ಪೋಸ್ಟರಿನಲ್ಲಿ ನಗುತ್ತಿರುವವಳು ತಾನೇ.

ಅವಳು ಕೇಳಲಿಲ್ಲ, ದಾರ ಮಾಡಿದಳು. ಹಸಿರು ಬಟ್ಟೆಯ ಅಂಚಿನಿಂದ ಹಸಿರು ಎಳೆ ತೆಗೆದು ಹೊಸೆದಳು. ಮೂರು ಗಂಟು, ನಡುವೆ ಎರಡು ಬೆರಳು ಜಾಗ, ಆಮೇಲೆ ಒಂದು ಗಂಟು. ಮೂರನೇ ಸಾಲು, ಮೊದಲನೇ ಮನೆ. ಕಂಬಳಿಯಿಂದ ಬಿಚ್ಚಿದ ಬೂದು ಉಣ್ಣೆಯ ಎಳೆಯಲ್ಲಿ ಮೂರು ಗಂಟು, ಜಾಗ, ಎರಡು ಗಂಟು. ಚಾದರದ ಬಿಳಿ ದಾರಕ್ಕೆ ಒಂದು, ಜಾಗ, ಒಂದು. ಬಟ್ಟೆಮನೆಯ ಹನ್ನೊಂದು ಹೆಂಗಸರಿಗೂ ಒಂದೊಂದು ಗೊಂಚಲು ಮಾಡಿ ಕೊಟ್ಟಳು. ಹಬೆಯಲ್ಲಿ ಗಾಜು ಮಸುಕಾದರೂ ಚಿಂತೆಯಿಲ್ಲ; ಎಡಗೈಯಲ್ಲಿ ದಾರ ಸವರಿ ಬಲಗೈಯಲ್ಲಿ ಒತ್ತಿದರಾಯಿತು. ಓರಗಿತ್ತಿಗೆ ಓದಲು ಬರುತ್ತಿತ್ತು, ಆದರೂ ಅವಳು ದಾರವನ್ನೇ ಹಿಡಿದಳು. "ಅಕ್ಕನ ಗಂಟು ತಪ್ಪೋದುಂಟಾ?" ಎನ್ನುತ್ತಿದ್ದಳು. ಐದು ತಿಂಗಳು ಹನ್ನೊಂದು ಗೊಂಚಲೂ ತಪ್ಪಲಿಲ್ಲ. ಮೇಲಿನವರು ಬಂದು ನೋಡಿ, ಇಷ್ಟು ಬೇಗ ಬೇರೆಲ್ಲೂ ಯಾರೂ ಕಲಿತಿಲ್ಲ ಎಂದು ಹೊಗಳಿ ಹೋದರು.

ಚಳಿ ಹಿಡಿಯಿತು. ವಾರ್ಡುಗಳಿಂದ ಕಂಬಳಿ ಹೆಚ್ಚು ಹೆಚ್ಚು ಇಳಿಯತೊಡಗಿತು. ಅವನ್ನೆಲ್ಲ ನಾಲ್ಕನೇ ಯಂತ್ರಕ್ಕೆ ಹಾಕುತ್ತಿದ್ದರು. ನಾಲ್ಕನೆಯದು ಓರಗಿತ್ತಿಯದು.

ಒಂದು ಮಂಗಳವಾರ ಬೆಳಿಗ್ಗೆ ಓರಗಿತ್ತಿ ಮಕ್ಕಳ ವಾರ್ಡಿನ ನಲವತ್ತೆರಡು ಕಂಬಳಿ ತುಂಬಿ, ತನ್ನ ಕಾರ್ಡನ್ನು ಯಂತ್ರಕ್ಕೆ ತೋರಿಸಿ, ಬೂದು ದಾರ ಸವರಿ, ಮೂರನೇ ಸಾಲಿನ ಎರಡನೇ ಮನೆ ಒತ್ತಿ, ತಿರುಗಿ ಗಂಟಕ್ಕನ ಜೊತೆ ತನ್ನ ಗಂಡನ ಕೆಮ್ಮಿನ ಮಾತಾಡುತ್ತ ನಿಂತಳು. ಯಂತ್ರ ನಿಂತಾಗ ಬಾಗಿಲು ತೆಗೆದಳು. ಮುಖಕ್ಕೆ ಬಿಸಿ ಹಬೆ ರಾಚಿತು. ಕಂಬಳಿಗೆ ಅಷ್ಟು ಹಬೆ ಬರಬಾರದು. ಕೈ ಹಾಕಿ ಒಂದನ್ನು ಎಳೆದಳು. ಬಾಗಿಲ ಮುಂದೆ ಹಾಕುವ ಕಾಲೊರಸಿನಷ್ಟು ಗಾತ್ರ, ಹಲಗೆಯಷ್ಟು ಗಟ್ಟಿ.

"ಅಕ್ಕಾ" ಎಂದಳು. ಅವಳು ಮಾತಿಲ್ಲದೆ ನಿಂತದ್ದನ್ನು ಗಂಟಕ್ಕ ಕಂಡದ್ದು ಅದೇ ಮೊದಲು.

ಗಂಟಕ್ಕ ಕನ್ನಡಕ ಸೆರಗಿನಲ್ಲಿ ಒರೆಸಿ ಗಾಜಿನ ಮುಂದೆ ಬಗ್ಗಿದಳು. ಗರಿಯ ಚಿತ್ರ, ಅಂದರೆ ಕಂಬಳಿಯದು, ಮೊದಲನೇ ಸಾಲಿನ ಮೊದಲನೇ ಮನೆಯಲ್ಲಿ ಹೋಗಿ ಕೂತಿತ್ತು. ಸರದಿಯಲ್ಲಿ ಒಬ್ಬಳು ಮುಂದೆ ನುಗ್ಗಿದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಸರಿಯುವ ಹಾಗೆ ಉಳಿದವೆಲ್ಲ ಸರಿದಿದ್ದವು. ಕಂಬಳಿಯ ಹಳೆಯ ಮನೆಗೆ ಹಸಿರು ಬಟ್ಟೆಯ ಕುದಿನೀರು ಬಂದಿತ್ತು. ಪಕ್ಕದ ಐದನೇ ಯಂತ್ರ ನೋಡಿದಳು. ಅಲ್ಲಿ ಎಲ್ಲವೂ ಇದ್ದಲ್ಲೇ ಇದ್ದವು. ನಾಲ್ಕನೆಯದು ಮಾತ್ರ ಮನೆ ಬದಲಾಯಿಸಿತ್ತು. ಯಾರೂ ಮುಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲ.

ಪೀಪಿ ಸಾರ್ ಬಂದ. ಕಂಬಳಿ ನೋಡಿದ, ಯಂತ್ರ ನೋಡಿದ. ಯಾರ ಕಾರ್ಡು, ಯಾವ ಹೊತ್ತು, ಯಾವ ಮನೆ, ಎಲ್ಲವನ್ನೂ ಯಂತ್ರ ತಾನೇ ಬರೆದಿಟ್ಟಿತ್ತು.

"ಓದೋಕೆ ಬರುತ್ತಲ್ಲ ನಿಮಗೆ?" ಎಂದ ಓರಗಿತ್ತಿಗೆ.

"ಬರುತ್ತೆ ಸಾರ್."

"ಏಳನೇ ಕ್ಲಾಸು?"

"ಹೂಂ ಸಾರ್."

"ಓದೋಕೆ ಬರದೋರು ಕಂಬಳಿ ಕೆಡಿಸ್ಲಿಲ್ಲ, ಓದಿದ ನೀವು ಕೆಡಿಸಿದ್ರಿ. ಶನಿವಾರ ಕೆಲಸ ಬಿಡಿಸೋ ಕಾಗದ ಬರುತ್ತೆ, ತಗೊಂಡು ಹೋಗಿ." ಕೈಲಿದ್ದ ಕಂಬಳಿಯನ್ನು ಬುಟ್ಟಿಗೆ ಎಸೆದ. ಬಟ್ಟೆ ಬಿದ್ದ ಸದ್ದಾಗಲಿಲ್ಲ, ಮರ ಬಿದ್ದ ಸದ್ದಾಯಿತು.

ಗಂಟಕ್ಕ ಮಧ್ಯಾಹ್ನ ಅವನ ಕೋಣೆಗೆ ಹೋದಳು. ಆ ಕೋಣೆಗೆ ಅವಳು ಮೂವತ್ತೊಂದು ವರ್ಷದಲ್ಲಿ ನಾಲ್ಕೈದು ಸಲ ಹೋಗಿರಬಹುದು. ಹೊಸಿಲ ಹೊರಗೆ ಚಪ್ಪಲಿ ಬಿಟ್ಟಳು.

"ಸಾರ್, ತಪ್ಪು ಅವಳದ್ದಲ್ಲ. ದಾರ ನಂದು. ಗಂಟು ಹಾಕಿದ್ದು ನಾನು."

"ಯಾವ ದಾರ?"

ತೋರಿಸಿದಳು. ಹಸಿರು, ಬಿಳಿ, ಬೂದು. ಸಾಲು ಹೇಗೆ, ಮನೆ ಹೇಗೆ, ಹನ್ನೊಂದು ಜನ ಐದು ತಿಂಗಳು ಒತ್ತಿದ್ದು ಹೇಗೆ, ಎಲ್ಲ ಹೇಳಿದಳು. ಅವನು ಬೂದು ದಾರವನ್ನು ಹಿಡಿದು ಬೆಳಕಿಗೆ ನೋಡಿದ, ಮೇಜಿನ ಮೇಲಿಟ್ಟ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನಿಮ್ಮ ಮಾತು."

"ನೆಲ ಡೊಂಕಾಗಿದ್ರೆ ಅಭ್ಯಾಸ ಮಾಡ್ಕೊಂಡು ಕುಣೀಬಹುದು ಸಾರ್. ಕುಣಿಯೋವಾಗ ನೆಲಾನೇ ಎದ್ದು ಆ ಕಡೆ ಹೋದ್ರೆ?"

ಅವನಿಗೆ ನಗು ಬಂತು, ನುಂಗಿಕೊಂಡ. ಕೆಟ್ಟವನಲ್ಲ ಅವನು. ತನ್ನ ಮುಂದಿದ್ದ ಪರದೆಯನ್ನು ಅವಳ ಕಡೆಗೆ ತಿರುಗಿಸಿದ.

"ನೋಡಿ ಇಲ್ಲಿ. ಬಟ್ಟೆ ಕೆಟ್ರೆ ಕಾರಣ ಹಾಕ್ಬೇಕು. ಇರೋದು ಮೂರೇ. ಬಳಸಿದವರ ತಪ್ಪು. ಯಂತ್ರ ಕೆಟ್ಟಿದೆ. ಕರೆಂಟು ಹೋಯ್ತು. ನಾನು ಮೊದ್ಲು ಯಂತ್ರ ಕೆಟ್ಟಿದೆ ಅಂತ್ಲೇ ಹಾಕ್ದೆ. ಅರ್ಧ ಗಂಟೇಲಿ ಅವರ ಎಂಜಿನಿಯರ್ ಅಲ್ಲಿಂದ್ಲೇ ನೋಡಿ, ಯಂತ್ರ ಸರಿಯಾಗಿದೆ ಅಂತ ವಾಪಸ್ ಕಳಿಸ್ದ. ಕರೆಂಟು ಹೋಗಿರ್ಲಿಲ್ಲ. ಇನ್ನೇನು ಒತ್ಲಿ? ನೀವೇ ಹೇಳಿ."

"ನಾಲ್ಕನೇದು ಇಲ್ವಾ?"

"ಇಲ್ಲ. ಒಂದನ್ನ ಒತ್ತದೆ ಇದು ಮುಂದಕ್ಕೂ ಹೋಗಲ್ಲ."

ಗಂಟಕ್ಕ ಆ ಮೂರು ಸಾಲುಗಳನ್ನೇ ನೋಡಿದಳು, ಓದಲು ಬಾರದಿದ್ದರೂ. ಮೂರರಲ್ಲಿ ಯಾವುದಕ್ಕೂ ಬೂದು ದಾರ ಸೇರುತ್ತಿರಲಿಲ್ಲ.

"ಇವತ್ತು ಕಂಬಳಿ ಸಾರ್. ನಾಳೆ ಇನ್ನೊಂದು ಯಂತ್ರ ಹೀಗೇ ಜರುಗಿ, ಹಸಿರು ಬಟ್ಟೆ ಬೇಯದೆ ಮೇಲೆ ಹೋದ್ರೆ?"

"ಯಾರು ಒತ್ತಿದ್ದು ಅಂತ ಅದು ಬರೆದಿಡುತ್ತಲ್ಲ" ಎಂದ ಅವನು. ಹೇಳಿದ ಮೇಲೆ ತನ್ನ ಮಾತು ತನಗೇ ಹಿಡಿಸದವನಂತೆ ಪೀಪಿಯನ್ನು ಬೆರಳಲ್ಲಿ ಸುತ್ತತೊಡಗಿದ.

ಕೇಳೋ ಹುಡುಗಿ ಹೋಗುವಾಗ ಒಂದು ಚೀಟಿ ಕೊಟ್ಟಿದ್ದಳು. 'ಏನಾದ್ರೂ ಇದ್ರೆ ಫೋನ್ ಮಾಡಿ ಅಮ್ಮ' ಎಂದು. ಗಂಟಕ್ಕ ಅದನ್ನು ಗಂಡನ ಫೋಟೋದ ಹಿಂದೆ ಸಿಕ್ಕಿಸಿಟ್ಟಿದ್ದಳು. ಅಂಕಿ ಓದಿ ತಾನೇ ಒತ್ತಿದಳು. ಹುಡುಗಿ ಗುರುತು ಹಿಡಿದಳು, ಖುಷಿಪಟ್ಟಳು, ಗುರುವಾರ ಬರುತ್ತೇನೆ ಎಂದಳು. ಎಂದಂತೆ ಬಂದಳು ಕೂಡ. ಮನೆಗೇ ಬಂದು, ಮೈದುನನ ಕೊಡೆಗಳ ಪಕ್ಕ ನೆಲದ ಮೇಲೆ ಕಾಲು ಮಡಚಿ ಕೂತಳು.

ಗಂಟಕ್ಕ ಹೇಳಿದ್ದನ್ನೆಲ್ಲ ಬರೆದುಕೊಂಡಳು. ದಾರಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ಸವರಿದಳು. "ಎಷ್ಟು ಚೆನ್ನಾಗಿದೆ ಇದು" ಎಂದಳು ಮೆಲ್ಲಗೆ.

"ಚೆನ್ನಾಗಿತ್ತು" ಎಂದಳು ಬಾಗಿಲಲ್ಲಿ ನಿಂತಿದ್ದ ಓರಗಿತ್ತಿ.

"ಯಾವುದನ್ನ ಹೆಚ್ಚು ಒತ್ತುತೀರೋ ಅದು ತಾನಾಗೇ ಮುಂದೆ ಬರೋ ಹಾಗೆ ಮಾಡಿದಾರೆ. ಹುಡುಕೋ ಕಷ್ಟ ತಪ್ಪಲಿ ಅಂತ."

"ನಾವು ಹುಡುಕ್ತಿರ್ಲಿಲ್ಲ ಕಣಮ್ಮ" ಎಂದಳು ಗಂಟಕ್ಕ. "ಇದ್ದಲ್ಲಿ ಇದ್ರೆ ಯಾಕೆ ಹುಡುಕ್ತೀವಿ? ಹೋಗ್ಲಿ ಬಿಡು. ಆ ಅಂಕಿ ಒಂದು ಇದ್ದಿದ್ರೆ ಸಾಕಿತ್ತು. ಮೂವತ್ತು ಎಲ್ಲೇ ಹೋಗಿ ಕೂತ್ರೂ ನಾನು ಹಿಡೀತಿದ್ದೆ. ಅದನ್ಯಾಕೆ ತೆಗೆದ್ರಿ?"

ಹುಡುಗಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದು, ಅಂದಿನ ವಿಡಿಯೋ ಹಾಕಿದಳು. ಗಾಜಿನ ಹಲಗೆಯ ಮೇಲೆ ಒಂದು ಕೆಂಪು ಚುಕ್ಕೆ ಓಡಾಡುತ್ತಿತ್ತು. ಅದು ಗಂಟಕ್ಕನ ಕಣ್ಣಂತೆ.

"ನೋಡಿ ಅಮ್ಮ. ಉಳಿದ ನಾಲ್ಕು ಜನ ಅಂಕಿ ನೋಡಿದ್ರು, ತಪ್ಪು ಮಾಡಿದ್ರು. ನೀವು ಒಂದ್ಸಲಾನೂ ಅಂಕಿ ನೋಡ್ಲಿಲ್ಲ. ಏಳಕ್ಕೆ ಏಳೂ ಸರಿ. ಅಂಕಿ ಇದ್ರೆ ಜನಕ್ಕೆ ಗೊಂದಲ ಆಗುತ್ತೆ ಅಂತ ವರದಿ ಬರೆದ್ವಿ. ನಿಮ್ಮನ್ನ ನೋಡೇ ತೆಗೆದ್ವಿ."

ಕೆಂಪು ಚುಕ್ಕೆ ಮೂರನೇ ಸಾಲಿಗೆ ಇಳಿಯಿತು, ಎರಡನೇ ಮನೆಗೆ ಸರಿಯಿತು, ನಿಂತಿತು. ಅಂಕಿ ಇದ್ದ ಮೂಲೆಗೆ ಹೋಗಲೇ ಇಲ್ಲ.

"ನನ್ನ ಕನ್ನಡಕ ತೆಗೆಸಿದ್ಯಲ್ಲಮ್ಮ" ಎಂದಳು ಗಂಟಕ್ಕ.

ಹುಡುಗಿ ತಲೆ ಎತ್ತಿದಳು. "ನಿಮ್ಮದು... ದೂರದ್ದಾ, ಹತ್ತಿರದ್ದಾ?"

"ಹತ್ತಿರದ್ದು."

ಹುಡುಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮೈದುನ ಕೊಡೆಯ ಕಡ್ಡಿ ಬಗ್ಗಿಸುವುದನ್ನು ನಿಲ್ಲಿಸಿದ.

"ಯಾಕಮ್ಮಾ ಹೇಳ್ಲಿಲ್ಲ ಅವತ್ತು?" ಎಂದಳು, ಕೈ ತೆಗೆಯದೆ. "ತಪ್ಪಾದ್ರೆ ನಮ್ಮದು ಅಂತ ಹೇಳಿದ್ನಲ್ಲ!"

"ನಾನು ಸರಿ ಒತ್ತಿದ್ದಕ್ಕೆ ನೀನು ಅಷ್ಟು ಖುಷಿಯಾಗಿದ್ದೆ ಕಣಮ್ಮ."

ಹುಡುಗಿ ಎಲ್ಲವನ್ನೂ ಹೊಸದಾಗಿ ಬರೆದಳು. ಅಂದು ಕನ್ನಡಕ ತೆಗೆಸಿದ್ದರಿಂದ ಈಕೆಗೆ ಕಾಣುತ್ತಿರಲಿಲ್ಲ, ಆ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ ಎಂದು. ಗಂಟಕ್ಕ ಕೆಳಗೆ ತನ್ನ ಹೆಸರು ಬರೆದಳು, ಒಂದೊಂದೇ ಅಕ್ಷರ, ಒತ್ತಿ ಒತ್ತಿ.

"ಇದನ್ನ ಇವತ್ತೇ ಕಳಿಸ್ತೀನಿ. ಒಂದು ಪ್ರತಿ ನಿಮ್ಮ ಸಾರ್‌ಗೂ ಕೊಟ್ಟೇ ಹೋಗ್ತೀನಿ. ಆದ್ರೆ ಮನೆಗಳನ್ನ ಜೋಡಿಸೋರು ಬೇರೆ ತಂಡ ಅಮ್ಮ. ನಾನು ಕೇಳೋಳು ಮಾತ್ರ. ಮುಂದಿನ ವರ್ಷದ ಯಂತ್ರಕ್ಕೆ ಅಂಕಿ ಹಾಕ್ಸೇ ಹಾಕ್ಸ್ತೀನಿ."

"ಶನಿವಾರಕ್ಕೆ?" ಎಂದಳು ಗಂಟಕ್ಕ.

ಹುಡುಗಿ ಓರಗಿತ್ತಿಯ ಕಡೆ ನೋಡಿದಳು, ನೆಲ ನೋಡಿದಳು. "ಶನಿವಾರ ನನ್ನ ಕೈಲಿಲ್ಲ ಅಮ್ಮ."

ಅವಳು ಹೋದಮೇಲೆ ಓರಗಿತ್ತಿ ಒಲೆಯ ಮುಂದೆ ಕೂತಳು. ಮಂಗಳವಾರ ಬುಟ್ಟಿಯಿಂದ ಬಿದ್ದ ಒಂದು ಕಂಬಳಿಯನ್ನು ಅವಳು ಮನೆಗೆ ತಂದಿದ್ದಳು. ಅದನ್ನು ಕತ್ತರಿಸಿ ಮಸಿಬಟ್ಟೆ ಮಾಡಿಕೊಂಡಿದ್ದಳು. ಅದರಲ್ಲೇ ಬಿಸಿ ಪಾತ್ರೆ ಹಿಡಿದು ಇಳಿಸಿದಳು.

"ಎಷ್ಟು ದಪ್ಪ ಆಗಿದೆ ನೋಡು, ಬಿಸೀನೇ ತಾಗಲ್ಲ" ಎಂದಳು. ಕಂಬಳಿಯ ತುಂಡನ್ನು ಪಕ್ಕಕ್ಕಿಟ್ಟು, "ನಿನ್ನ ನಾಚಿಕೆ ನನ್ನ ಕೆಲಸ ತಿಂತು ಅಕ್ಕಾ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಗಂಟಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಶನಿವಾರ ಕಾಗದ ಬಂತು. ಒಂದಲ್ಲ, ಎರಡು. ಒಂದು ಓರಗಿತ್ತಿಗೆ, ಸೋಮವಾರದಿಂದ ಬರಬೇಕಾಗಿಲ್ಲ ಎಂದು. ಇನ್ನೊಂದು ಗಂಟಕ್ಕನಿಗೆ. ಹುಡುಗಿ ಕೊಟ್ಟ ಪ್ರತಿಯನ್ನು ಪೀಪಿ ಸಾರ್ ಮೇಲಕ್ಕೆ ಕಳಿಸಿದ್ದ. ಒಳ್ಳೆಯದಾಗಲಿ ಎಂದೇ ಕಳಿಸಿದ್ದ. ಮೇಲಿನವರು ಅದರಲ್ಲಿ ಒಂದೇ ಸಾಲು ಓದಿದರು: ಈಕೆಗೆ ಕನ್ನಡಕವಿಲ್ಲದೆ ಕಾಣುವುದಿಲ್ಲ. ಯಂತ್ರದ ಕೆಲಸಕ್ಕೆ ಕಣ್ಣು ಸಾಲದು, ಮಡಿಕೆ ಮೇಜಿಗೆ ಕಳಿಸಿ ಎಂದು ಬರೆದಿದ್ದರು.

"ಸುಳ್ಳು ಹೇಳ್ದಾಗ ನಿನ್ನ ಪೋಸ್ಟರ್ ಹಾಕಿದ್ರು" ಎಂದಳು ಓರಗಿತ್ತಿ ಎರಡೂ ಕಾಗದ ಓದಿ ಮುಗಿಸಿ. "ನಿಜ ಹೇಳ್ದೆ, ಮೂಲೆಗೆ ಹಾಕಿದ್ರು."

ಗಂಟಕ್ಕ ಹನ್ನೊಂದು ಜನರ ದಾರಗಳನ್ನೂ ವಾಪಸು ಕೇಳಿ ಪಡೆದಳು. ಉಳಿದ ಯಂತ್ರಗಳು ಯಾವಾಗ ಮನೆ ಬದಲಾಯಿಸುತ್ತವೋ ಯಾರಿಗೆ ಗೊತ್ತು. ಸಂಜೆ ಕೂತು ಬಿಚ್ಚಲು ನೋಡಿದಳು. ಅವಳೇ ಹಾಕಿದ ಗಂಟು, ಉಗುರಿಗೂ ಬಗ್ಗಲಿಲ್ಲ. ಸೊಂಟದ್ದನ್ನೂ ಸೇರಿಸಿ ಎಲ್ಲವನ್ನೂ ಮನೆಯಲ್ಲೇ ಇಟ್ಟಳು.

ಸೋಮವಾರ ಅವಳು ಒಬ್ಬಳೇ ಬಾಗಿಲು ದಾಟಿದಳು. ದಾರಿ ಉದ್ದವಾಗಿತ್ತು, ಹೂಂಗುಟ್ಟಲು ಏನೂ ಇರಲಿಲ್ಲ. ಮಡಿಕೆ ಮೇಜು ಬಾಗಿಲ ಹತ್ತಿರ, ಪೋಸ್ಟರಿನ ಪಕ್ಕದಲ್ಲೇ. ಅಂಚಿಗೆ ಅಂಚು ಸೇರಿಸಿ ಚಾದರ ಮಡಿಸತೊಡಗಿದಳು. ನಾಲ್ಕನೇ ಯಂತ್ರದ ಮುಂದೆ ಹೊಸ ಹೆಂಗಸೊಬ್ಬಳು ಕಾರ್ಡು ಹಿಡಿದು ನಿಂತಿದ್ದಳು. ಸುಮಾರು ಹೊತ್ತು ನಿಂತಿದ್ದು, ಆ ಕಡೆ ಈ ಕಡೆ ನೋಡಿ, ಗಂಟಕ್ಕನ ಹತ್ತಿರ ಬಂದಳು.

"ಅಕ್ಕಾ, ಕಂಬಳಿಗೆ ಯಾವ್ದು ಒತ್ಬೇಕು?"

ಗಂಟಕ್ಕನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ದಾರ ಇರಲಿಲ್ಲ.

"ಮನೆ ಎಣಿಸ್ಬೇಡ. ಕೆಳಗೆ ಹೆಸರು ಬರ್ದಿರುತ್ತೆ, ಓದಿ ಒತ್ತಮ್ಮ."

ಹೆಂಗಸು ದನಿ ತಗ್ಗಿಸಿದಳು. "ನಂಗೆ ಓದೋಕೆ ಬರಲ್ಲ ಅಕ್ಕಾ. ಮೊದ್ಲೇ ಹೇಳ್ದೆ. ಬರದಿದ್ರೂ ಪರವಾಗಿಲ್ಲ ಅಂದ್ರು, ಆ ಫೋಟೋ ತೋರಿಸಿದ್ರು." ಪೋಸ್ಟರನ್ನೊಮ್ಮೆ, ಗಂಟಕ್ಕನನ್ನೊಮ್ಮೆ ನೋಡಿದಳು. ಅವಳ ಮುಖ ಅರಳಿತು. "ಅದು ನೀವೇ ಅಲ್ವಾ?"

ಕೈಯಲ್ಲಿದ್ದ ಚಾದರವನ್ನು ಗಂಟಕ್ಕ ಪೂರ್ತಿ ಮಡಿಸಿದಳು, ಮೇಲೆ ಕೈಯಾಡಿಸಿ ಸುಕ್ಕು ತೆಗೆದಳು, ರಾಶಿಯ ಮೇಲಿಟ್ಟಳು.

"ನಾನೇ ಕಣಮ್ಮ" ಎಂದಳು. ಕನ್ನಡಕ ಸರಿಮಾಡಿಕೊಂಡು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿ, "ಬಾ. ಗರಿ ಥರ ಒಂದು ಚಿತ್ರ ಇರುತ್ತೆ. ಇವತ್ತು ಎಲ್ಲಿದೆಯೋ ಹುಡುಕೋಣ" ಎಂದು ಅವಳ ಜೊತೆ ನಾಲ್ಕನೇ ಯಂತ್ರದ ಕಡೆ ನಡೆದಳು. ಅರ್ಧ ದಾರಿಗೆ ಬೆನ್ನ ಹಿಂದೆ ಪೀಪಿ ಕೂಗಿತು, ಅವಳನ್ನು ಮೇಜಿಗೆ ವಾಪಸು ಕರೆಯುತ್ತ.